ಕಲ್ಲಿನೊಡಲಿನ ಜೀವಜಾಲ: ಮಾಗಡಿ ಸೀಮೆಯ ಗುಹೆಗಳಿಗೆ ಕೋಲಾರದ ಪಾಠ

ಪೀಠಿಕೆ

ಕೋಲಾರ ಜಿಲ್ಲೆಯ ಹನುಮನಹಳ್ಳಿ ಗ್ರಾಮದ ಬಂಡೆಗಳ ನಡುವೆ ಇರುವ ಒಂದು ಗುಹೆಯು ಇಂದು ಜಗತ್ತಿನ ಜೀವವಿಜ್ಞಾನಿಗಳ ಗಮನವನ್ನು ಸೆಳೆದಿದೆ. ಕೋಲಾರ ಎಲೆಮೂಗಿನ ಬಾವಲಿ ಎಂಬ ಸಣ್ಣ ಪ್ರಾಣಿಯು ಪ್ರಪಂಚದಲ್ಲಿ ಉಳಿದಿರುವುದು ಈ ಒಂದು ಗುಹೆಯಲ್ಲಿ ಮಾತ್ರ ಎಂದು ತಿಳಿದುಬಂದಿದೆ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅತ್ಯಂತ ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಪಟ್ಟಿಗೆ ಸೇರಿಸಿದಾಗ ಇವುಗಳ ಸಂಖ್ಯೆ ಸುಮಾರು 150ರಿಂದ 200 ಎಂದು ಅಂದಾಜಿಸಲಾಗಿತ್ತು.

ಈ ವಿಷಯವು ಕೋಲಾರಕ್ಕೆ ಮಾತ್ರ ಸೀಮಿತವಾದುದಲ್ಲ. ಅಂತಹುದೇ ಕಲ್ಲುಬೆಟ್ಟ, ಅಂತಹುದೇ ಬಂಡೆಗಳ ಪೊಟರೆ ಹಾಗೂ ಅಂತಹುದೇ ಒತ್ತಡಗಳು ಮಾಗಡಿ ತಾಲ್ಲೂಕಿನಲ್ಲಿಯೂ ಇವೆ. ಬೆಂಗಳೂರು ದಕ್ಷಿಣ ಜಿಲ್ಲೆಗೆ (2025ರವರೆಗೆ ರಾಮನಗರ ಜಿಲ್ಲೆ) ಸೇರಿದ ಈ ತಾಲ್ಲೂಕು ರಾಜಧಾನಿಗೆ ಅತಿ ಸಮೀಪದಲ್ಲಿದೆ. ಗುಹೆಗಳೊಳಗಿನ ಜೀವಿಗಳ ಬದುಕು, ಅದರ ಮೇಲೆ ಮಾನವ ಚಟುವಟಿಕೆಗಳ ಪರಿಣಾಮ ಮತ್ತು ಕೈಗೊಳ್ಳಬಹುದಾದ ಕ್ರಮಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ಮಾಗಡಿ ಸೀಮೆಯ ಬೆಟ್ಟಗಳು ಮತ್ತು ಗುಹೆಗಳ ಸ್ವರೂಪ

ಮಾಗಡಿ ಪಟ್ಟಣದ ಸಮೀಪದಲ್ಲಿರುವ ಸಾವನದುರ್ಗವು ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದ್ದು, ಏಷ್ಯಾ ಖಂಡದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ಕರಿಗುಡ್ಡ ಹಾಗೂ ಬಿಳಿಗುಡ್ಡ ಎಂಬ ಎರಡು ಶಿಖರಗಳು ಇಲ್ಲಿವೆ. ಮಾಗಡಿಯ ಕೆಂಪೇಗೌಡ ವಂಶಸ್ಥರ ಕೋಟೆಯಾಗಿದ್ದ ಈ ದುರ್ಗವನ್ನು 1791ರ ಡಿಸೆಂಬರ್ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನಿಂದ ವಶಪಡಿಸಿಕೊಂಡಿತು. ತಪ್ಪಲಿನಲ್ಲಿ ವೀರಭದ್ರಸ್ವಾಮಿ ಹಾಗೂ ನರಸಿಂಹಸ್ವಾಮಿ ದೇವಾಲಯಗಳಿವೆ. ಸುತ್ತಲಿನ ಕಾಡು ಅರಣ್ಯ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ.

ಈ ಬೆಟ್ಟಸಾಲಿನ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದ ಈ ಶಿಲೆಯು ಉತ್ತರ ದಕ್ಷಿಣವಾಗಿ ನೂರಾರು ಕಿ.ಮೀ. ಉದ್ದಕ್ಕೆ ಹಬ್ಬಿದೆ.

ಗುಹೆ ಎಂದೊಡನೆ ಆಂಧ್ರಪ್ರದೇಶದ ಬೇಲಂ ಗುಹೆಗಳಂತಹ ಸುಣ್ಣಕಲ್ಲಿನ ಉದ್ದನೆಯ ಸುರಂಗಗಳು ನೆನಪಾಗುವುದು ಸಹಜ. ಅಲ್ಲಿ ನೀರು ಕಲ್ಲನ್ನು ಕರಗಿಸಿ ದಾರಿ ಮಾಡಿರುತ್ತದೆ. ಗ್ರಾನೈಟ್ ಶಿಲೆಯು ಹಾಗೆ ಸುಲಭವಾಗಿ ಕರಗುವುದಿಲ್ಲ. ಬಿಸಿಲು, ಮಳೆ ಹಾಗೂ ಒಳ ಒತ್ತಡದಿಂದ ಬಂಡೆಯ ಮೇಲ್ಪದರಗಳು ಸಿಪ್ಪೆಯಂತೆ ಏಳುತ್ತವೆ, ಬಿರುಕುಗಳು ಅಗಲವಾಗುತ್ತವೆ, ಉರುಳಿದ ಗುಂಡುಗಳು ಒಂದರ ಮೇಲೊಂದು ನಿಲ್ಲುತ್ತವೆ. ಇವುಗಳ ನಡುವೆ ಉಳಿಯುವ ಟೊಳ್ಳುಗಳೇ ನಮ್ಮ ಭಾಗದ ಗುಹೆಗಳು. ಇವು ಸಾಮಾನ್ಯವಾಗಿ ಚಿಕ್ಕವು. ಹೊರಗಿನಿಂದ ನೋಡುವವರಿಗೆ ಕಲ್ಲುಗುಂಡುಗಳ ರಾಶಿಯಂತೆ ಕಾಣುತ್ತವೆ. ಈ ಕಾರಣದಿಂದಲೇ ಅವುಗಳಿಗೆ ಹೆಸರು, ಗಡಿ ಅಥವಾ ದಾಖಲೆ ಇರುವುದು ಅಪರೂಪ.

ಗುಹೆಯೊಳಗಿನ ಜಮಾ-ಖರ್ಚು

ಗುಹೆಯನ್ನು ಸ್ಥೂಲವಾಗಿ ಮೂರು ಭಾಗಗಳಾಗಿ ವಿಂಗಡಿಸಬಹುದು. ಬೆಳಕು ಬೀಳುವ ಬಾಯಿ, ಮಬ್ಬುಗತ್ತಲೆಯ ನಡುಭಾಗ ಹಾಗೂ ಪೂರ್ಣ ಕತ್ತಲೆಯ ಒಳಭಾಗ. ಒಳಕ್ಕೆ ಹೋದಂತೆ ಹಗಲು ರಾತ್ರಿಯ ತಾಪಮಾನದ ವ್ಯತ್ಯಾಸ ಕಡಿಮೆಯಾಗುತ್ತದೆ. ಗಾಳಿಯಲ್ಲಿನ ತೇವಾಂಶ ಹೆಚ್ಚು ಹಾಗೂ ಸ್ಥಿರವಾಗಿರುತ್ತದೆ. ತೆಳುವಾದ ರೆಕ್ಕೆಯ ಪೊರೆಯ ಮೂಲಕ ಬೇಗನೆ ನೀರನ್ನು ಕಳೆದುಕೊಳ್ಳುವ ಬಾವಲಿಗೆ ಈ ಸ್ಥಿರತೆಯು ಜೀವನಾಧಾರ.

ಕತ್ತಲೆಯಲ್ಲಿ ಹಸಿರು ಸಸ್ಯಗಳು ಬೆಳೆಯಲಾರವು. ಆದುದರಿಂದ ಗುಹೆಯು ತನ್ನ ಆಹಾರವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಅಲ್ಲಿನ ಜಮಾ ಬಹುಮಟ್ಟಿಗೆ ಹೊರಗಿನಿಂದ ಬರಬೇಕು. ಮಳೆನೀರಿನೊಡನೆ ಒಳಸೇರುವ ಎಲೆಕಸ, ಗಾಳಿಗೆ ಬರುವ ಧೂಳು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬಾವಲಿಗಳ ಹಿಕ್ಕೆ ಇದರ ಮೂಲಗಳು. ಬಾವಲಿಯು ರಾತ್ರಿಯೆಲ್ಲ ಹೊಲ, ತೋಟ ಹಾಗೂ ಕಾಡಿನಲ್ಲಿ ಆಹಾರ ಸೇವಿಸಿ, ಹಗಲು ಗುಹೆಗೆ ಮರಳಿ ಹಿಕ್ಕೆಯನ್ನು ಬೀಳಿಸುತ್ತದೆ. ಆ ಹಿಕ್ಕೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅದನ್ನು ನುಸಿಗಳು, ಜೀರುಂಡೆಗಳು, ಜಿರಳೆಗಳು ತಿನ್ನುತ್ತವೆ. ಇವುಗಳನ್ನು ಜೇಡಗಳು, ಚಾಟಿ ಜೇಡಗಳು, ಹುಸಿಚೇಳುಗಳು ಬೇಟೆಯಾಡುತ್ತವೆ. ಕಪ್ಪೆ, ಹಲ್ಲಿ ಹಾಗೂ ಹಾವುಗಳು ಇವೆಲ್ಲವನ್ನೂ ಆಶ್ರಯಿಸುತ್ತವೆ. ಬಾವಲಿಗಳು ಗುಹೆಯನ್ನು ತೊರೆದರೆ ಜಮಾ ನಿಲ್ಲುತ್ತದೆ ಮತ್ತು ಅದನ್ನು ನೆಚ್ಚಿಕೊಂಡ ಉಳಿದ ಜೀವಿಗಳು ಒಂದೊಂದಾಗಿ ಇಲ್ಲವಾಗುತ್ತವೆ.

ಕಳೆದುಕೊಂಡುದನ್ನು ಬಾವಲಿಗಳು ಬೇಗನೆ ಭರ್ತಿ ಮಾಡಲಾರವು. ಅದೇ ಗಾತ್ರದ ಇಲಿಯು ವರ್ಷಕ್ಕೆ ಹಲವು ಸೂಲು ಮರಿ ಹಾಕಿದರೆ, ಬಹುತೇಕ ಕೀಟಾಹಾರಿ ಬಾವಲಿಗಳು ವರ್ಷಕ್ಕೆ ಒಂದೇ ಮರಿಯನ್ನು ಈಯುತ್ತವೆ. ಹನುಮನಹಳ್ಳಿಯ 150ರಿಂದ 200 ಬಾವಲಿಗಳಲ್ಲಿ ಅರ್ಧದಷ್ಟು ಹೆಣ್ಣುಗಳೆಂದೂ, ಪ್ರತಿಯೊಂದು ಹೆಣ್ಣೂ ಮರಿ ಹಾಕುವುದೆಂದೂ, ಎಲ್ಲ ಮರಿಗಳೂ ಬದುಕುವುವೆಂದೂ ಭಾವಿಸಿದರೂ ವರ್ಷಕ್ಕೆ 75ರಿಂದ 100 ಮರಿಗಳಿಗಿಂತ ಹೆಚ್ಚು ಸೇರಲಾರವು. ವಾಸ್ತವದಲ್ಲಿ ಇದು ಇನ್ನೂ ಕಡಿಮೆ. ಒಂದು ದಿನದ ಬೆಂಕಿ ಅಥವಾ ಸ್ಫೋಟದ ನಷ್ಟವನ್ನು ತುಂಬಲು ಅನೇಕ ವರ್ಷಗಳು ಬೇಕಾಗುತ್ತವೆ. ಹೀಗಾಗಿ ಗುಹೆಗೆ ಆಗುವ ಹಾನಿಯು ಆದಾಯದಲ್ಲಿನ ಕೊರತೆಯಲ್ಲ, ಮೂಲಧನದ ನಷ್ಟ.

ಮಾನವ ಚಟುವಟಿಕೆಗಳ ಪರಿಣಾಮ

1. ಕಲ್ಲು ಗಣಿಗಾರಿಕೆ: ಮಾಗಡಿಯ ಗುಲಾಬಿ ಕಲ್ಲು ವಿಧಾನಸೌಧದ ಅಲಂಕರಣಕ್ಕೆ ಬಳಕೆಯಾದಷ್ಟು ಪ್ರಸಿದ್ಧವಾದುದು. ಕಲ್ಲಿನ ಕೆಲಸವು ಈ ಭಾಗದ ಅನೇಕ ಕುಟುಂಬಗಳ ಜೀವನೋಪಾಯ. ಆದರೆ ಬಿಡಿಗುಂಡುಗಳ ರಾಶಿಯು ಗಣಿಗಾರಿಕೆಗೆ ಸುಲಭವಾಗಿ ದಕ್ಕುವುದರಿಂದ, ಗುಹೆ ಇರುವ ಸ್ಥಳವೇ ಮೊದಲು ಒಡೆಯಲ್ಪಡುವ ಸಂಭವವಿದೆ. ಸ್ಫೋಟದ ಕಂಪನ, ಕಲ್ಲನ್ನು ಸೀಳಲು ಇಡುವ ಬೆಂಕಿ ಮತ್ತು ಧೂಳು ದೂರದಿಂದಲೇ ಬಾವಲಿಗಳನ್ನು ಓಡಿಸಬಲ್ಲವು. ಒಂದು ಗುಂಡನ್ನು ಸರಿಸಿದರೂ ಗಾಳಿಯ ಹರಿವು ಬದಲಾಗಿ ಒಳಗಿನ ತೇವಾಂಶ ಕುಗ್ಗಬಹುದು.

2. ಚಾರಣ ಮತ್ತು ಗುಹಾ ವೀಕ್ಷಣೆ: ವಾರಾಂತ್ಯದಲ್ಲಿ ಬೆಂಗಳೂರಿನಿಂದ ಸಾವನದುರ್ಗಕ್ಕೆ ಬರುವವರು ಹಲವರು. ಟಾರ್ಚ್ ಬೆಳಕು, ಕೂಗು, ಕ್ಯಾಮೆರಾದ ಮಿಂಚು ಹಾಗೂ ರಾತ್ರಿ ಹೊತ್ತಿಸುವ ಬೆಂಕಿ ಬಾವಲಿಗಳನ್ನು ಬೆದರಿಸುತ್ತವೆ. ಮರಿಗಳಿರುವ ಕಾಲದಲ್ಲಿ ತಾಯಿ ಬಾವಲಿಗಳು ಒಮ್ಮೆಲೇ ಹಾರಿದಾಗ ಮರಿಗಳು ನೆಲಕ್ಕೆ ಬಿದ್ದು ಸಾಯುತ್ತವೆ. ರಾಜ್ಯದ ಅರಣ್ಯ ಚಾರಣ ಪಥಗಳಿಗೆ 2024ರಲ್ಲಿ ಆನ್‌ಲೈನ್ ನೋಂದಣಿ ಮತ್ತು ದಿನದ ಸಂಖ್ಯಾಮಿತಿಯ ವ್ಯವಸ್ಥೆಯನ್ನು ತರಲಾಯಿತು. ಇದು ಸ್ವಾಗತಾರ್ಹ. ಆದರೆ ಈ ಮಿತಿಯು ದಾರಿಯಲ್ಲಿ ನಡೆಯುವವರನ್ನು ಎಣಿಸುತ್ತದೆ. ದಾರಿಯಿಂದ ಪಕ್ಕಕ್ಕೆ ಸರಿದು ಪೊಟರೆಯನ್ನು ಹೊಕ್ಕ ನಾಲ್ವರು ಮಾಡುವ ಹಾನಿಯು ಅದರ ಲೆಕ್ಕಕ್ಕೆ ಬರುವುದಿಲ್ಲ.

ಜನರ ಉಸಿರು ಸಹ ಗುಹೆಯನ್ನು ಬದಲಿಸಬಲ್ಲದು. ಫ್ರಾನ್ಸ್ ದೇಶದ ಲಾಸ್ಕೋ ಗುಹೆಯನ್ನು 1948ರಲ್ಲಿ ಪ್ರವಾಸಿಗರಿಗೆ ತೆರೆಯಲಾಯಿತು. ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್ ಹಾಗೂ ದೀಪಗಳಿಂದ ಗೋಡೆಗಳ ಮೇಲೆ ಪಾಚಿ ಬೆಳೆದು ಪ್ರಾಚೀನ ಚಿತ್ರಗಳು ಕೆಡತೊಡಗಿದ್ದರಿಂದ 1963ರಲ್ಲಿ ಅದನ್ನು ಮುಚ್ಚಬೇಕಾಯಿತು.

3. ಪೂಜಾ ಸ್ಥಳಗಳು: ನಮ್ಮ ನಾಡಿನ ಅನೇಕ ಗುಹೆಗಳಲ್ಲಿ ದೇವರ ಸನ್ನಿಧಿ ಇದೆ. ಜನರ ಭಯಭಕ್ತಿಯೇ ಎಷ್ಟೋ ಗುಹೆಗಳನ್ನು ಇಂದಿನವರೆಗೆ ಉಳಿಸಿದೆ. ದಕ್ಷಿಣ ಕನ್ನಡ ಜಿಲ್ಲೆಯ ನೆಲ್ಲಿತೀರ್ಥದ ಗುಹಾಲಯಕ್ಕೆ ಮಳೆಗಾಲದ ತಿಂಗಳುಗಳಲ್ಲಿ ಪ್ರವೇಶವಿಲ್ಲ. ಈ ಸಂಪ್ರದಾಯದಿಂದ ಒಳಗಿನ ಜೀವಿಗಳಿಗೆ ವರ್ಷಕ್ಕೊಮ್ಮೆ ದೀರ್ಘ ವಿಶ್ರಾಂತಿ ದೊರೆಯುತ್ತದೆ. ಆದರೆ ಗುಹೆಯ ಒಳಭಾಗದವರೆಗೂ ವಿದ್ಯುದ್ದೀಪ, ಸಿಮೆಂಟ್ ನೆಲ, ಕಬ್ಬಿಣದ ಬಾಗಿಲು ಹಾಗೂ ಕರ್ಪೂರದ ಹೊಗೆ ತಲುಪಿದಾಗ ಬಾವಲಿಗಳಿಗೆ ಸ್ಥಳವಿರುವುದಿಲ್ಲ.

4. ಭಯದಿಂದ ನಡೆಯುವ ನಾಶ: 2018ರಲ್ಲಿ ಕೇರಳದಲ್ಲಿ ನಿಪಾ ಹಾಗೂ 2020ರಲ್ಲಿ ಕೋವಿಡ್ ಕಾಣಿಸಿಕೊಂಡ ನಂತರ ಬಾವಲಿಗಳ ಬಗ್ಗೆ ಭಯ ಹೆಚ್ಚಿತು. ಬಾವಲಿಗಳನ್ನು ಕೊಲ್ಲಬಾರದು, ಓಡಿಸಬಾರದು ಎಂದು ದಕ್ಷಿಣ ಏಷ್ಯಾದ ಬಾವಲಿ ತಜ್ಞರು 2020ರ ಏಪ್ರಿಲ್ ತಿಂಗಳಿನಲ್ಲಿ ಜಂಟಿ ಹೇಳಿಕೆಯ ಮೂಲಕ ಮನವಿ ಮಾಡಿದರು.

ಕೋಲಾರ ಹಾಗೂ ಭೀಮಗಡದ ಅನುಭವ

ಕೋಲಾರ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದಾಗ ಅದು ಹನುಮನಹಳ್ಳಿ ಮತ್ತು ತೇರಹಳ್ಳಿ ಎಂಬ ಎರಡು ಕಡೆ ದೊರೆತಿತ್ತು. ಎರಡು ದಶಕಗಳ ನಂತರ ಸಂಶೋಧಕರು ಪುನಃ ಹುಡುಕಿದಾಗ ತೇರಹಳ್ಳಿಯಲ್ಲಿ ಅದು ಇರಲಿಲ್ಲ. ಹನುಮನಹಳ್ಳಿಯ ಗುಹೆಯ ಸುತ್ತ ಅಕ್ರಮ ಕಲ್ಲು ಗಣಿಗಾರಿಕೆ ನಡೆಯುತ್ತಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಾಗೂ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಈ ವಿಷಯವನ್ನು ಗಮನಕ್ಕೆ ತಂದ ನಂತರ ಗಣಿಗಾರಿಕೆಯನ್ನು ತಡೆಯಲಾಯಿತು. ಗುಹೆಗಳ ಸುತ್ತಲಿನ ಸುಮಾರು 30 ಎಕರೆ ಪ್ರದೇಶವನ್ನು ಅರಣ್ಯ ಇಲಾಖೆಯು ರಕ್ಷಣೆಗಾಗಿ ಅಧಿಸೂಚಿಸಿತು.

ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿನಲ್ಲಿರುವ ಬಾರಾಪೇಡೆ ಗುಹೆಗಳ ಕಥೆಯು ಇದಕ್ಕೆ ಪೂರಕವಾಗಿದೆ. ರಾಟನ್ನನ ಬಾವಲಿ ಎಂದು ಕರೆಯಲಾಗುವ ಪ್ರಭೇದವನ್ನು 1913ರಲ್ಲಿ ಇಲ್ಲಿಂದಲೇ ವಿವರಿಸಲಾಯಿತು. ಕಾಂಬೋಡಿಯಾ ಹಾಗೂ ಮೇಘಾಲಯದಲ್ಲಿ ಅದು ಪತ್ತೆಯಾಗುವವರೆಗೆ ಹಲವು ದಶಕಗಳ ಕಾಲ ಬಾರಾಪೇಡೆಯೇ ಅದರ ಏಕೈಕ ನೆಲೆಯೆಂದು ತಿಳಿಯಲಾಗಿತ್ತು. 2011ರಲ್ಲಿ ಭೀಮಗಡವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಮೇಲ್ಕಂಡ ಎರಡೂ ಪ್ರಕರಣಗಳಲ್ಲಿ ರಕ್ಷಣೆ ದೊರೆತುದು ಅಪರೂಪದ ಪ್ರಭೇದವೊಂದು ಅಲ್ಲಿದೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟ ನಂತರ. ತೇರಹಳ್ಳಿಯ ಪಾಲಿಗೆ ಅದು ತಡವಾಯಿತು. ಪ್ರಭೇದದ ಹೆಸರು ಗೊತ್ತಾದ ಮೇಲೆ ಗುಹೆಯನ್ನು ಉಳಿಸುವ ಕ್ರಮವು, ಹೆಸರು ಗೊತ್ತಾಗುವ ಮೊದಲೇ ಒಡೆದುಹೋದ ಗುಹೆಗಳಿಗೆ ನೆರವಾಗದು.

ಗುಹೆಯನ್ನೇ ಆಸ್ತಿಯೆಂದು ಪರಿಗಣಿಸುವ ಅಗತ್ಯವಿದೆ ಎಂಬುದಕ್ಕೆ ನೆರೆಯ ರಾಮನಗರದಲ್ಲಿಯೇ ಮೇಲ್ಪಂಕ್ತಿ ಇದೆ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಚಾಚುಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಹಕ್ಕಿಯನ್ನು ಉಳಿಸಲು ಅದು ಕುಳಿತುಕೊಳ್ಳುವ ಕಲ್ಲನ್ನೂ ಉಳಿಸಬೇಕು ಎಂಬ ತತ್ವವನ್ನು ಸರ್ಕಾರವು ಅಲ್ಲಿ ಒಪ್ಪಿಕೊಂಡಿತು. ಬಾವಲಿಗೂ ಗುಹೆಗೂ ಇರುವ ಸಂಬಂಧವು ಇದೇ ಬಗೆಯದು.

ಕಾನೂನಿನ ಸ್ಥಿತಿ

1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ಐದನೆಯ ಅನುಸೂಚಿಯಲ್ಲಿ ಹಣ್ಣಿನ ಬಾವಲಿಗಳನ್ನು ದೀರ್ಘಕಾಲ ಉಪದ್ರವಕಾರಿ ಪ್ರಾಣಿಗಳೆಂದು ಇಲಿ, ಕಾಗೆಗಳೊಡನೆ ಸೇರಿಸಲಾಗಿತ್ತು. ರಾಟನ್ನನ ಬಾವಲಿ ಹಾಗೂ ಸಲೀಂ ಅಲಿ ಹಣ್ಣಿನ ಬಾವಲಿಗಳಿಗೆ ಮಾತ್ರ ಮೊದಲನೆಯ ಅನುಸೂಚಿಯ ರಕ್ಷಣೆ ಇತ್ತು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸದರಿ ಉಪದ್ರವಕಾರಿ ಪ್ರಾಣಿಗಳ ಅನುಸೂಚಿಯನ್ನು ತೆಗೆದುಹಾಕಿತು. ಇದು ಮಹತ್ವದ ಬದಲಾವಣೆ. ಆದರೂ ಪ್ರಾಣಿಯ ಹೆಸರು ಅನುಸೂಚಿಯಲ್ಲಿ ಇದ್ದ ಮಾತ್ರಕ್ಕೆ ಅರಣ್ಯದ ಗಡಿಯ ಹೊರಗೆ, ಕಂದಾಯ ಅಥವಾ ಪಟ್ಟಾ ಜಮೀನಿನಲ್ಲಿರುವ ಬಂಡೆಗಳ ಪೊಟರೆಯು ತಾನಾಗಿ ಗುರುತಿಸಲ್ಪಡುವುದಿಲ್ಲ. ಅದನ್ನು ಯಾರಾದರೂ ಗುರುತಿಸಿ ದಾಖಲಿಸಬೇಕು.

ಇದಕ್ಕೆ ಸಾಧನವು ಈಗಾಗಲೇ ಲಭ್ಯವಿದೆ. 2002ರ ಜೈವಿಕ ವೈವಿಧ್ಯ ಅಧಿನಿಯಮದ ಅನ್ವಯ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಮತ್ತು ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದೇ ಅಧಿನಿಯಮದಡಿ ಸಣ್ಣ ಪ್ರದೇಶಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ಘೋಷಿಸಬಹುದು. ದೇವನಹಳ್ಳಿ ಸಮೀಪದ ನಲ್ಲೂರು ಹುಣಸೆ ತೋಪು 2007ರಲ್ಲಿ ಹೀಗೆ ಘೋಷಿತವಾದ ದೇಶದ ಮೊದಲ ತಾಣ. ರಕ್ಷಣೆಗೆ ಸಾವಿರಾರು ಎಕರೆ ಇರಲೇಬೇಕೆಂದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ರೈತರ ದೂರು ಮತ್ತು ಲೆಕ್ಕಕ್ಕೆ ಬಾರದ ಲಾಭ

ಬಾವಲಿಗಳ ರಕ್ಷಣೆ ಎಂದಾಗ ಮಾವು, ಸೀಬೆ, ಸಪೋಟ ಬೆಳೆಯುವ ರೈತರು ತಮ್ಮ ನಷ್ಟವನ್ನು ಕೇಳುವವರು ಯಾರು ಎಂದು ಪ್ರಶ್ನಿಸುವುದು ನ್ಯಾಯವೇ ಆಗಿದೆ. ಗುಹೆಗಳಲ್ಲಿ ವಾಸಿಸುವ ಹಣ್ಣಿನ ಬಾವಲಿಗಳು ಮರದಲ್ಲಿ ಮಾಗಿದ ಹಣ್ಣನ್ನು ತಿನ್ನುವುದು ನಿಜ. ಮಾರುಕಟ್ಟೆಗೆ ಹೋಗುವ ಮಾವನ್ನು ಸಾಮಾನ್ಯವಾಗಿ ಬಲಿತ ಕಾಯಿಯಾಗಿದ್ದಾಗಲೇ ಕೀಳುವುದರಿಂದ ಸಕಾಲದ ಕೊಯ್ಲು ಈ ನಷ್ಟವನ್ನು ಗಣನೀಯವಾಗಿ ತಗ್ಗಿಸುತ್ತದೆ. ಇದೇ ಬಾವಲಿಗಳು ಹಿಪ್ಪೆ, ಬೂರುಗ ಮುಂತಾದ ಮರಗಳ ಪರಾಗಸ್ಪರ್ಶಕ್ಕೂ, ಆಲ, ಅತ್ತಿ ಮರಗಳ ಬೀಜ ಪ್ರಸಾರಕ್ಕೂ ನೆರವಾಗುತ್ತವೆ. ಎಲೆಮೂಗಿನ ಬಾವಲಿಗಳಂತಹ ಕೀಟಾಹಾರಿಗಳು ಹಣ್ಣನ್ನು ಮುಟ್ಟುವುದೇ ಇಲ್ಲ. ಅವು ರಾತ್ರಿಯಿಡೀ ಪತಂಗ, ದುಂಬಿ ಹಾಗೂ ಇತರ ಕೀಟಗಳನ್ನು ತಿನ್ನುತ್ತವೆ.

ಕಲ್ಲಿನ ರಾಜಧನವು ಖಜಾನೆಯ ಲೆಕ್ಕದಲ್ಲಿ ಜಮಾ ಆಗುತ್ತದೆ. ಬಾವಲಿಯು ತಿಂದ ಕೀಟವು ಯಾವ ಲೆಕ್ಕದ ಶೀರ್ಷಿಕೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕಾಣಿಸದಿದ್ದರೂ ಅದು ಶೂನ್ಯವಲ್ಲ ಎಂಬುದಕ್ಕೆ ಅಮೆರಿಕದಿಂದ ದೊರೆತ ಸಾಕ್ಷ್ಯವು ಗಮನಾರ್ಹವಾಗಿದೆ. ಬಿಳಿಮೂಗಿನ ರೋಗವೆಂಬ ಶಿಲೀಂಧ್ರ ರೋಗವು 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡುಬಂದು, ಮುಂದೆ ಲಕ್ಷಾಂತರ ಬಾವಲಿಗಳನ್ನು ಬಲಿ ತೆಗೆದುಕೊಂಡಿತು. ಈ ಶಿಲೀಂಧ್ರವು ಯೂರೋಪಿನಿಂದ ಬಹುಶಃ ಮನುಷ್ಯರ ಮೂಲಕವೇ ಅಲ್ಲಿಗೆ ತಲುಪಿತೆಂದು ಭಾವಿಸಲಾಗಿದೆ. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾವಲಿಗಳು ಸತ್ತ ಕೌಂಟಿಗಳಲ್ಲಿ ರೈತರು ಕೀಟನಾಶಕ ಬಳಕೆಯನ್ನು ಸರಾಸರಿ ಶೇ. 31ರಷ್ಟು ಹೆಚ್ಚಿಸಿದರು. ಅದೇ ಕೌಂಟಿಗಳಲ್ಲಿ ಅಪಘಾತ ಮತ್ತಿತರ ಬಾಹ್ಯ ಕಾರಣಗಳನ್ನು ಹೊರತುಪಡಿಸಿದ ಶಿಶುಮರಣ ಪ್ರಮಾಣವು ಸುಮಾರು ಶೇ. 8ರಷ್ಟು ಏರಿತು. ಅಲ್ಲಿನ ಬೆಳೆ ಬೇರೆ, ಇಲ್ಲಿನ ರಾಗಿ, ಅವರೆ, ತರಕಾರಿ ಬೇರೆ. ಆದರೆ ಉಚಿತವಾಗಿ ನಡೆಯುತ್ತಿದ್ದ ಕೆಲಸವು ನಿಂತಾಗ ಅದರ ವೆಚ್ಚವನ್ನು ಮೊದಲು ರೈತನೂ, ನಂತರ ಮಕ್ಕಳೂ ಭರಿಸಬೇಕಾಗುತ್ತದೆ ಎಂಬ ಪಾಠವು ಎಲ್ಲೆಡೆಗೂ ಅನ್ವಯವಾಗುತ್ತದೆ.

ಆರೋಗ್ಯದ ದೃಷ್ಟಿ

ಮಹಾರಾಷ್ಟ್ರದ ಮಹಾಬಲೇಶ್ವರದ ಗುಹೆಯೊಂದರ ಬಾವಲಿಗಳಲ್ಲಿ ನಿಪಾ ವೈರಾಣುವಿನ ಕುರುಹುಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ವರದಿ ಮಾಡಿದರು. ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಶಿಲೀಂಧ್ರ ಸೋಂಕು ತಗಲುವ ಸಂಭವವೂ ಇದೆ. ಈ ಕಾರಣಗಳಿಂದ ಗುಹೆಗಳನ್ನು ನಾಶ ಮಾಡಬೇಕೆಂದು ವಾದಿಸುವುದು ತಪ್ಪು. ನೆಲೆ ಕಳೆದುಕೊಂಡ ಬಾವಲಿಗಳು ಮನೆ, ಶಾಲೆ ಹಾಗೂ ಹಾಳು ಕಟ್ಟಡಗಳಲ್ಲಿ ಆಶ್ರಯ ಹುಡುಕುತ್ತವೆ. ಆಗ ಜನರೊಡನೆ ಸಂಪರ್ಕ ಹೆಚ್ಚುತ್ತದೆ. ಗುಹೆಯಿಂದ ದೂರವಿರುವುದೇ ಮನುಷ್ಯನಿಗೂ ಬಾವಲಿಗೂ ಏಕಕಾಲದಲ್ಲಿ ಕ್ಷೇಮಕರ.

ಆಗಬೇಕಾದ ಕ್ರಮಗಳು

1. ಮಾಗಡಿ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಜನತಾ ಜೀವವೈವಿಧ್ಯ ದಾಖಲಾತಿಗಳಲ್ಲಿ ಬಾವಲಿಗಳು ತಂಗುವ ಗುಹೆ, ಪೊಟರೆಗಳನ್ನು ಸರ್ವೆ ನಂಬರಿನೊಡನೆ ನಮೂದಿಸುವುದು ಅವಶ್ಯ. ದನ ಕಾಯುವವರು ಹಾಗೂ ಹಿರಿಯರು ಬಲ್ಲ ಮಾಹಿತಿಯು ಇದಕ್ಕೆ ಆಧಾರವಾಗಬಲ್ಲದು.

2. ಕಲ್ಲು ಗಣಿ ಗುತ್ತಿಗೆಯ ಅರ್ಜಿಗಳನ್ನು ಪರಿಶೀಲಿಸುವಾಗ ಸದರಿ ದಾಖಲಾತಿಯನ್ನು ನೋಡುವ ಕ್ರಮವಿರಬೇಕು. ಗುತ್ತಿಗೆ ನೀಡಿದ ಮೇಲೆ ತಡೆಯುವುದಕ್ಕಿಂತ ನೀಡುವ ಮೊದಲು ಸ್ಥಳವನ್ನು ಬದಲಿಸುವುದು ಕಾರ್ಮಿಕರಿಗೂ ಗುತ್ತಿಗೆದಾರರಿಗೂ ಕಡಿಮೆ ನಷ್ಟದ ದಾರಿ.

3. ಗುಹಾ ಪ್ರವೇಶವನ್ನು ಚಾರಣದ ಅನುಮತಿಯಿಂದ ಪ್ರತ್ಯೇಕವಾಗಿ ಪರಿಗಣಿಸಿ, ಬಾವಲಿಗಳಿರುವ ಗುಹೆಗಳಿಗೆ ಪ್ರವೇಶವನ್ನು ನಿಷೇಧಿಸುವುದು ಸೂಕ್ತ.

4. ಬಾಗಿಲು ಅನಿವಾರ್ಯವಾದಲ್ಲಿ ಜಾಲರಿ ಅಥವಾ ತಗಡನ್ನು ಬಳಸದೆ, ಬಾವಲಿಗಳು ಹಾರಿಹೋಗುವಷ್ಟು ಅಂತರವಿರುವ ಅಡ್ಡ ಸರಳುಗಳನ್ನು ತಜ್ಞರ ಸಲಹೆಯಂತೆ ಅಳವಡಿಸಬೇಕು.

5. ಪೂಜೆ ನಡೆಯುವ ಗುಹೆಗಳಲ್ಲಿ ದೀಪ ಹಾಗೂ ಹೊಗೆಯನ್ನು ಮುಂಭಾಗಕ್ಕೆ ಸೀಮಿತಗೊಳಿಸಿ, ಒಳಭಾಗದ ಕತ್ತಲೆಯನ್ನು ಹಾಗೆಯೇ ಬಿಡುವಂತೆ ದೇವಾಲಯ ಸಮಿತಿಗಳೊಡನೆ ಸಮಾಲೋಚಿಸಬಹುದು.

ಸಾರ್ವಜನಿಕರ ಗಮನಕ್ಕೆ

ಬೆಟ್ಟಗಳಿಗೆ ಭೇಟಿ ನೀಡುವವರು ನಿಗದಿತ ದಾರಿಯನ್ನು ಬಿಟ್ಟು ಪೊಟರೆಗಳನ್ನು ಪ್ರವೇಶಿಸಬಾರದು. ಗುಹೆಯ ಬಾಯಲ್ಲಿ ಬೆಂಕಿ ಹಾಕಬಾರದು, ಪಟಾಕಿ ಸಿಡಿಸಬಾರದು, ಕಸ ಎಸೆಯಬಾರದು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಬಾವಲಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸಾಬೂನು ಹಾಗೂ ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗುಹೆಗಳ ಬಳಿ ಅನಧಿಕೃತವಾಗಿ ಕಲ್ಲು ಒಡೆಯುವುದು ಅಥವಾ ಬಾವಲಿಗಳನ್ನು ಹೊಗೆ ಹಾಕಿ ಓಡಿಸುವುದು ಕಂಡುಬಂದಲ್ಲಿ ಹತ್ತಿರದ ಅರಣ್ಯ ಕಚೇರಿ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಬೇಕೆಂದು ಕೋರಲಾಗಿದೆ.

ತೇರಹಳ್ಳಿಯಲ್ಲಿ ಬಾವಲಿಗಳು ಇಲ್ಲವಾದುದು ತಿಳಿದದ್ದು ಅವು ಹೋದ ನಂತರ. ಮಾಗಡಿಯ ಬೆಟ್ಟಗಳಲ್ಲಿ ಎಣಿಕೆಯನ್ನು ಮೊದಲೇ ಆರಂಭಿಸಲು ಇನ್ನೂ ಅವಕಾಶವಿದೆ. ಈ ಕಾರ್ಯದಲ್ಲಿ ಗ್ರಾಮಸ್ಥರು, ಶಾಲಾ ಕಾಲೇಜುಗಳು ಹಾಗೂ ಚಾರಣ ಸಂಘಗಳು ಸಹಕರಿಸಬೇಕೆಂದು ವಿನಂತಿಸಲಾಗಿದೆ.